ಔಷಧಿ ಪಂಪ್ ಕೊಳ್ಳುವ ಮೊದಲು ರಿವ್ಯೂ ಹೀಗೆ ಓದಿ

ಅಡಿಕೆ ತೋಟಕ್ಕೆ ಆನ್‌ಲೈನ್‌ನಲ್ಲಿ ಔಷಧಿ ಪಂಪ್ ತಗೊಳ್ಳುವವರು ಸುಮ್ನೆ ಐದು ಸ್ಟಾರ್ ನೋಡಿ ಆರ್ಡರ್ ಮಾಡಬೇಡಿ. ‘ಪ್ಯಾಕಿಂಗ್ ಚೆನ್ನಾಗಿದೆ, ಬೇಗ ಬಂತು’ ಅಂತ ಬರೆದವರು ಬಾಲ್ಕನಿ ಗಿಡಕ್ಕೆ ನೀರು ಹೊಡೆದವರಿರಬಹುದು. ನಮಗೆ ಬೇಕಿರುವುದು ತೀರ್ಥಹಳ್ಳಿ, ಹೊಸನಗರದ ಮಳೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪ್. ಶೇ. 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದೊಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಸೋಸದ ಸುಣ್ಣದ ಹರಳು ನಾಝಲ್‌ನಲ್ಲಿ ಕಟ್ಟಿಕೊಳ್ಳುತ್ತದೆ.

ಹಾಗಾಗಿ ರಿವ್ಯೂಗಳಲ್ಲಿ ‘ಬೋರ್ಡೋ’, ‘ಅಡಿಕೆ’ ಅಂತ ಹುಡುಕಿ. ಎರಡು, ಮೂರು ಸ್ಟಾರ್ ಕೊಟ್ಟವರನ್ನು ಮೊದಲು ಓದಿ. ಒಂದು ಮಳೆಗಾಲ ಬಳಸಿದವರಾದರೆ ವಾಷರ್, ವಾಲ್ವ್ ಬಗ್ಗೆ ಬರೆದಿರುತ್ತಾರೆ. ನಿಮ್ಮೂರಿನ ಕೊನೆಗಾರರನ್ನೂ ಕೇಳಿ. ಮರ ಹತ್ತಿ ಹೊಡೆಯುವವರು ಅವರು, ಅವರ ಮಾತಿಗೇ ತೂಕ ಜಾಸ್ತಿ ಅಲ್ವಾ? ಬಿಡಿಭಾಗ ಸಾಗರದಲ್ಲೋ ಶಿವಮೊಗ್ಗದಲ್ಲೋ ಸಿಗುತ್ತದಾ ಅಂತ ವಿಚಾರಿಸಿಕೊಂಡೇ ದುಡ್ಡು ಕಟ್ಟಿ.