ಗೊರೂರಿನ ನೈಸ್ ಕಲ್ಲಿನಿಂದ ಜಿರ್ಕಾನ್ ಬಿಡಿಸುವುದು

ಹಾಸನ ಜಿಲ್ಲೆಯ ಗೊರೂರು ಸುತ್ತಲಿನ ಬೂದು ನೈಸ್ ಶಿಲೆಗಳು (ಶಾಖ, ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾದ ಕಲ್ಲು) ಆರ್ಕಿಯನ್ ಯುಗದವು, ಅಂದರೆ ಭೂಮಿಯ ಆರಂಭದ ಕಾಲದವು, 330 ಕೋಟಿ ವರ್ಷ ದಾಟಿದವು. ಇದನ್ನು ತಿಳಿಸುವುದು ಕಲ್ಲಿನೊಳಗಿನ ಜಿರ್ಕಾನ್ ಎಂಬ ಖನಿಜದ ಹರಳುಗಳು. ಅವುಗಳೊಳಗಿನ ಯುರೇನಿಯಂ ಕಾಲ ಕಳೆದಂತೆ ಸೀಸವಾಗುತ್ತದೆ, ಎರಡನ್ನೂ ಅಳೆದರೆ ವಯಸ್ಸು ಸಿಗುತ್ತದೆ. ಅವು ಹೆಚ್ಚಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ ಉದ್ದ.

ವಯಸ್ಸು ತಪ್ಪುವುದು ಬಹುಪಾಲು ಯಂತ್ರದಲ್ಲಲ್ಲ, ಕಲ್ಲು ಒಡೆಯುವ ಜಾಗದಲ್ಲೇ. ಬೂದು ಪಟ್ಟೆಗಳ ನಡುವೆ ತಿಳಿಗುಲಾಬಿ ಬಣ್ಣದ ಗ್ರಾನೈಟ್ ಎಳೆಗಳು ನುಗ್ಗಿರುತ್ತವೆ. ಅವು ಎಷ್ಟೋ ಕೋಟಿ ವರ್ಷ ಕಿರಿಯವಾಗಿರಬಹುದು. ಬೆರಳು ದಪ್ಪದ ಒಂದು ಎಳೆ ಚೀಲಕ್ಕೆ ಸೇರಿದರೂ ಎರಡು ಕಾಲದ ಹರಳು ಬೆರೆತುಹೋಗುತ್ತವೆ. ಹಾಗಾಗಿ ಎಳೆಗಳನ್ನೂ ಮಳೆ ಬಿಸಿಲಿಗೆ ಮಾಸಿದ ಹೊರಪದರವನ್ನೂ ಅಲ್ಲೇ ಚಮ್ಮಟಿಗೆಯಿಂದ ಒಡೆದು ತೆಗೆದು, ನಾಲ್ಕೈದು ಕಿಲೋ ಹಸಿ ಕಲ್ಲು ಮಾತ್ರ ತರುತ್ತೇನೆ. ಕ್ವಾರಿಯ ಹೊಸ ಮುಖ ಸಿಕ್ಕಿದರೆ ಇನ್ನೂ ಒಳ್ಳೆಯದು. ಲಾಲ್‌ಬಾಗ್ ಬಂಡೆಯಂಥ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಿಗೆ ಸುತ್ತಿಗೆ ಮುಟ್ಟಿಸಲೇಬಾರದು.

ಕಲ್ಲನ್ನು ಜಾ ಕ್ರಷರ್ ಎಂಬ ಒಡೆಯುವ ಯಂತ್ರದಲ್ಲಿ ಜಲ್ಲಿ ಮಾಡಿ, ಅರೆಯುವ ಡಿಸ್ಕ್ ಮಿಲ್ಲಿನ ಸಂದನ್ನು ಸ್ವಲ್ಪ ಸ್ವಲ್ಪವೇ ಕಿರಿದು ಮಾಡುತ್ತಾ ಪುಡಿ ಮಾಡಬೇಕು. ಒಂದೇ ಸಲಕ್ಕೆ ನುಣ್ಣಗೆ ಅರೆದರೆ ಹರಳುಗಳೇ ಚೂರಾಗುತ್ತವೆ. ಪುಡಿಯನ್ನು 250 ಮೈಕ್ರಾನ್ (ಕಾಲು ಮಿಲಿಮೀಟರ್) ಜರಡಿ ಹಿಡಿದು, ಕೆಳಗೆ ಬಿದ್ದದ್ದನ್ನು ಇಟ್ಟುಕೊಳ್ಳುತ್ತೇನೆ. ಜರಡಿಗೆ ಪ್ರತಿ ಮಾದರಿಗೂ ಹೊಸ ನೈಲಾನ್ ಬಟ್ಟೆ. ಯಂತ್ರವನ್ನು ತಂತಿ ಬ್ರಷ್, ಗಾಳಿ ಪೈಪಿನಿಂದ ಶುಚಿ ಮಾಡಿ, ಮುಂದಿನ ಮಾದರಿಯ ಒಂದು ಹಿಡಿಯನ್ನು ಅರೆದು ಚೆಲ್ಲಬೇಕು. ಹಿಂದಿನ ಕಲ್ಲಿನ ಒಂದೇ ಹರಳು ಉಳಿದಿದ್ದರೂ ಅದನ್ನು ಈ ಕಲ್ಲಿನ ಚರಿತ್ರೆ ಎಂದು ಓದಿಬಿಡುತ್ತೇವೆ.

ನಂತರ ಅಕ್ಕಿ ಜಾಲಿಸಿದಂತೆ ನೀರಿನಲ್ಲಿ ಜಾಲಿಸುವುದು. ಮೊದಲು ರಾಡಿ, ಆಮೇಲೆ ಹಗುರ ಪುಡಿ ಹೋಗುತ್ತದೆ. ಒಣಗಿದ ಮೇಲೆ ಕಾಗದ ಸುತ್ತಿದ ಅಯಸ್ಕಾಂತದಿಂದ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ತೆಗೆದು, ಉಳಿದದ್ದನ್ನು 2.89 ಸಾಂದ್ರತೆಯ ಬ್ರೋಮೋಫಾರ್ಮ್ ಎಂಬ ಭಾರದ ದ್ರವಕ್ಕೆ ಹಾಕುತ್ತೇನೆ. 2.65ರ ಕ್ವಾರ್ಟ್ಜ್ ತೇಲುತ್ತದೆ, 4.6ರ ಜಿರ್ಕಾನ್ ಮುಳುಗುತ್ತದೆ. ಅಪಟೈಟ್ ಎಂಬ ಖನಿಜ ಕೂಡ ಮುಳುಗುವುದರಿಂದ, ಅದನ್ನು ತೇಲಿಸುವ 3.3ರ ಮೆಥಿಲೀನ್ ಅಯೊಡೈಡ್ ದ್ರವದಲ್ಲಿ ಇನ್ನೊಮ್ಮೆ ಬೇರೆ ಮಾಡಬೇಕು. ಎರಡೂ ದ್ರವಗಳು ವಿಷ, ಆವಿಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್, ಕೈಗವಸು ಇಲ್ಲದೆ ಬಾಟಲಿ ತೆರೆಯಬೇಡಿ.

ಫ್ರಾಂಟ್ಜ್ ಕಾಂತೀಯ ವಿಭಜಕದಲ್ಲಿ ಕರೆಂಟನ್ನು ಹಂತಹಂತವಾಗಿ ಏರಿಸಿ, ಕೊನೆಗೂ ಅಯಸ್ಕಾಂತಕ್ಕೆ ಒಲಿಯದ ಹರಳುಗಳನ್ನೇ ಇಟ್ಟುಕೊಳ್ಳುತ್ತೇನೆ. ಯುರೇನಿಯಂ ಹೆಚ್ಚಿರುವ ಹರಳಿನ ಜಾಲರಿ ಅದರದೇ ವಿಕಿರಣಕ್ಕೆ ಸಿಕ್ಕಿ ಹಾಳಾಗಿರುತ್ತದೆ, ಸೀಸ ಸೋರಿರುತ್ತದೆ. ಕಂದು, ಮಬ್ಬು, ಬಿರುಕು ಬಿಟ್ಟವು ಇಂಥವು, ಅಯಸ್ಕಾಂತಕ್ಕೆ ಒಲಿಯುವವೂ ಹೆಚ್ಚಾಗಿ ಇವೇ. ಆದರೆ ಮರಳುಗಲ್ಲಿನ ಹರಳು ಆರಿಸುವಾಗ ಚೆಂದದವನ್ನೇ ಹೆಕ್ಕಬಾರದು. ಅಲ್ಲಿ ಬೇಕಾಗಿರುವುದು ಮರಳು ಬಂದ ಎಲ್ಲ ಮೂಲ ಕಲ್ಲುಗಳ ಲೆಕ್ಕ.

ಹರಳುಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ವಜ್ರದ ಪೇಸ್ಟಿನಿಂದ ಹರಳಿನ ಅರ್ಧ ದಪ್ಪದವರೆಗೆ ಸವೆಸಿ, ವಯಸ್ಸು ಅಳೆಯಲು ಚುಕ್ಕೆಯಷ್ಟು ಜಾಗವನ್ನು ಆವಿ ಮಾಡುವ ಲೇಸರ್ ಬಿಡುವ ಮೊದಲು ಕ್ಯಾಥೋಡೊಲ್ಯೂಮಿನೆಸೆನ್ಸ್ ಚಿತ್ರ (ಎಲೆಕ್ಟ್ರಾನ್ ಕಿರಣಕ್ಕೆ ಹರಳು ಹೊಳೆಯುವ ಚಿತ್ರ) ತೆಗೆಯಲೇಬೇಕು. ಒಳಗೆ ಸಣ್ಣ ಸಣ್ಣ ಪಟ್ಟೆಗಳ ತಿರುಳು, ಸುತ್ತ ಪಟ್ಟೆಯಿಲ್ಲದ ತೆಳು ಅಂಚು ಕಾಣುತ್ತದೆ. ತಿರುಳು 330 ಕೋಟಿ ವರ್ಷದ್ದು, ಅಂಚು 250 ಕೋಟಿಯ ಆಸುಪಾಸಿನಲ್ಲಿ ಕಲ್ಲು ಮತ್ತೆ ಕಾದಾಗ ಬೆಳೆದದ್ದು ಎನ್ನುವಂಥ ಹರಳಿನಲ್ಲಿ, 30 ಮೈಕ್ರಾನಿನ ಲೇಸರ್ ಚುಕ್ಕೆ ಎರಡರ ಮೇಲೂ ಬಿದ್ದರೆ ಸಿಗುವ 290 ಕೋಟಿಗೆ ಯಾವ ಅರ್ಥವೂ ಇಲ್ಲ.

ಎಂಟು ಹತ್ತು ಚುಕ್ಕೆಗೊಮ್ಮೆ ವಯಸ್ಸು ಮೊದಲೇ ಗೊತ್ತಿರುವ, 106.5 ಕೋಟಿ ವರ್ಷದ ‘91500’ ಎಂಬ ಹೆಸರಿನ ಮಾನಕ ಜಿರ್ಕಾನನ್ನು ಅಳೆದು ಯಂತ್ರ ಸರಿಯಿದೆಯೇ ನೋಡುತ್ತೇನೆ. ಇಷ್ಟು ಹಳೆಯ ಹರಳಿಗೆ ಸೀಸ 207 ಮತ್ತು 206 ಎಂಬ ಸೀಸದ ಎರಡು ಐಸೊಟೋಪ್‌ಗಳ ಅನುಪಾತದ ವಯಸ್ಸನ್ನೇ ನಂಬುವುದು. ಯುರೇನಿಯಂ-ಸೀಸದ ವಯಸ್ಸು ಅದಕ್ಕಿಂತ ಶೇ 10ಕ್ಕೂ ಹೆಚ್ಚು ದೂರವಿದ್ದರೆ ಆ ಚುಕ್ಕೆಯನ್ನು ಲೆಕ್ಕದಿಂದ ಬಿಡುತ್ತೇನೆ, ಕೋಷ್ಟಕದಿಂದ ಮಾತ್ರ ಅಳಿಸುವುದಿಲ್ಲ.