ಮೇಪಲ್ ಸ್ನೇರ್ ಡ್ರಮ್: ಆರಿಸುವುದು ಹೇಗೆ, ಕಾರಿನಲ್ಲಿ ಒಯ್ಯುವುದು ಹೇಗೆ?

ಬೆಂಗಳೂರಿನ ಪಬ್ಬಿನಲ್ಲೋ ಮಂಗಳೂರಿನ ಸಭಾಂಗಣದಲ್ಲೋ ಡ್ರಮ್ಸ್ ನುಡಿಸಲು ಹೊರಟವರು ಇಡೀ ಸೆಟ್ಟನ್ನು ಎಲ್ಲ ಕಡೆಗೂ ಹೊತ್ತೊಯ್ಯಬೇಕಾಗಿಲ್ಲ. ಬೇಸ್ ಡ್ರಮ್, ಟಾಮ್ ಮತ್ತು ಸ್ಟ್ಯಾಂಡ್‌ಗಳು ಎಷ್ಟೋ ವೇದಿಕೆಗಳಲ್ಲಿ ಮೊದಲೇ ಇರುತ್ತವೆ, ಇಲ್ಲವೇ ಧ್ವನಿವರ್ಧಕದವರ ಜೊತೆಗೆ ಬಾಡಿಗೆಗೆ ಬರುತ್ತವೆ. ನುಡಿಸುವವರು ಮನೆಯಿಂದ ತರುವುದು ಸ್ನೇರ್ (ಕೆಳಬದಿಗೆ ಲೋಹದ ತಂತಿಗಳನ್ನು ಬಿಗಿದ ಚಿಕ್ಕ ಡ್ರಮ್), ಸಿಂಬಲ್, ಪೆಡಲ್ ಮತ್ತು ಸ್ಟಿಕ್‌ಗಳನ್ನು ಮಾತ್ರ. ಹೀಗಾಗಿ ಇಡೀ ಸೆಟ್ಟಿನಲ್ಲಿ ಒಬ್ಬ ಡ್ರಮ್ಮರ್‌ನ ಸ್ವಂತ ದನಿ ಎಂದು ಹೇಳಬಹುದಾದ ಡ್ರಮ್ ಸ್ನೇರ್ ಒಂದೇ, ಅತಿ ಹೆಚ್ಚು ಕಿಲೋಮೀಟರ್ ಪ್ರಯಾಣ ಮಾಡುವ ಡ್ರಮ್ಮೂ ಅದೇ. ಅದನ್ನು ಕೊಳ್ಳುವಾಗ ವಹಿಸುವ ಎಚ್ಚರವನ್ನು ವಾಹನದಲ್ಲಿ ಇಡುವಾಗಲೂ ವಹಿಸಬೇಕು ಎಂಬುದು ಹಲವು ವರ್ಷ ಸಣ್ಣ ಕಾರೊಂದರಲ್ಲಿ ಡ್ರಮ್ ಸಾಗಿಸಿದ ನನ್ನ ಅನುಭವ.

ಮರವನ್ನು ತಿಳಿದುಕೊಳ್ಳಿ

ಡ್ರಮ್ ತಯಾರಕರು ಮೇಪಲ್ ಎನ್ನುವಾಗ ಸಾಮಾನ್ಯವಾಗಿ ಅವರ ಮನಸ್ಸಿನಲ್ಲಿರುವುದು ಉತ್ತರ ಅಮೆರಿಕದ ಹಾರ್ಡ್ ಮೇಪಲ್, ಅಂದರೆ ಶುಗರ್ ಮೇಪಲ್. ಮೇಪಲ್ ಸಿರಪ್ ಇಳಿಸುವುದು ಮುಖ್ಯವಾಗಿ ಈ ಮರದಿಂದಲೇ. ಒಣಗಿದ ಹಾರ್ಡ್ ಮೇಪಲ್ ಒಂದು ಘನ ಮೀಟರಿಗೆ ಸುಮಾರು 700 ಕಿಲೋ ತೂಗುತ್ತದೆ. ಅದರ ಎಳೆ ನಯವಾಗಿದ್ದು ಕಣ್ಣಿಗೆ ಕಾಣುವಂಥ ದೊಡ್ಡ ರಂಧ್ರಗಳಿರುವುದಿಲ್ಲ. ಪೆಟ್ಟು ತಡೆಯುವ ಶಕ್ತಿ ಎಷ್ಟಿದೆಯೆಂದರೆ ಬಾಸ್ಕೆಟ್‌ಬಾಲ್ ಅಂಗಳದ ನೆಲಕ್ಕೂ ಇದನ್ನೇ ಹಾಸುತ್ತಾರೆ.

ಮೃದಂಗದ ಒಡಲನ್ನು ಹಲಸಿನ ಒಂದೇ ದಿಮ್ಮಿಯಿಂದ ಕೊರೆದು ತೆಗೆಯುತ್ತಾರೆ. ಮೇಪಲ್ ಸ್ನೇರ್‌ನ ಶೆಲ್, ಅಂದರೆ ಒಡಲು, ಬಹುತೇಕ ಹಾಗಲ್ಲ. ಮರವನ್ನು ತೆಳುವಾದ ಹಾಳೆಗಳಾಗಿ ಸೀಳಿ, ಒಂದು ಹಾಳೆಯ ಎಳೆ ಅಡ್ಡಕ್ಕಿದ್ದರೆ ಅದರ ಮೇಲಿನದು ಉದ್ದಕ್ಕೆ ಬರುವಂತೆ ಅಂಟಿಸಿ, ದುಂಡನೆಯ ಅಚ್ಚಿನಲ್ಲಿ ಒತ್ತಿ ಒಣಗಿಸುತ್ತಾರೆ. ಮರ ತೇವ ಹೀರಿದಾಗ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆಯೇ ಹೊರತು ಎಳೆಯ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲವಾದ್ದರಿಂದ, ಹೀಗೆ ಅಡ್ಡ ಉದ್ದ ಜೋಡಿಸಿದ ಪದರಗಳು ಒಂದನ್ನೊಂದು ಹಿಡಿದಿಟ್ಟು ಶೆಲ್‌ನ ದುಂಡನ್ನು ಕಾಪಾಡುತ್ತವೆ. ಆರು, ಎಂಟು, ಹತ್ತು ಪದರಗಳ ಶೆಲ್‌ಗಳು ಸಾಮಾನ್ಯ. 5–6 ಮಿ.ಮೀ. ದಪ್ಪದ ತೆಳು ಶೆಲ್ ಮೆದುವಾದ ಹೊಡೆತಕ್ಕೂ ತುಂಬಿದ ದನಿ ಕೊಡುತ್ತದೆ, 8 ಮಿ.ಮೀ. ಮೀರಿದ ದಪ್ಪ ಶೆಲ್ ಜೋರಾಗಿ, ಚುರುಕಾಗಿ ಕೇಳುತ್ತದೆ.

ಅಗ್ಗದ ಡ್ರಮ್ಮುಗಳಲ್ಲಿ ಹೊರಗಿನ ಒಂದು ಹಾಳೆ ಮಾತ್ರ ಮೇಪಲ್ ಆಗಿದ್ದು ಒಳಗೆ ಪಾಪ್ಲರ್ ಅಥವಾ ಬಾಸ್‌ವುಡ್ ಇರುವುದುಂಟು. ಬೆರಕೆ ಮರವೆಂದ ಮಾತ್ರಕ್ಕೆ ಕೀಳೆಂದು ತೀರ್ಮಾನಿಸಬಾರದು. 1960ರ ದಶಕದಲ್ಲಿ ಶಿಕಾಗೋದ ಲುಡ್ವಿಗ್ ಕಂಪನಿಯ ಮರದ ಶೆಲ್‌ಗಳಲ್ಲಿಯೂ ನಡುವಿನ ಪದರ ಪಾಪ್ಲರ್ ಆಗಿತ್ತು, ಒಳಬದಿಯಲ್ಲಿ ಮೇಪಲ್ ಬಳೆಗಳನ್ನು ಕೂಡಿಸಿ ಬಲಪಡಿಸಿದ್ದರು. ಆ ಡ್ರಮ್ಮುಗಳನ್ನು ಇಂದಿಗೂ ಹುಡುಕಿ ಕೊಳ್ಳುವವರಿದ್ದಾರೆ. ಆದರೆ ಪೂರ್ಣ ಮೇಪಲ್‌ನ ಬೆಲೆ ಕೊಟ್ಟು ಬೆರಕೆ ಮರವನ್ನು ಮನೆಗೆ ತರುವುದು ಬೇಡ.

ಅಂಗಡಿಯಲ್ಲಿ ನೋಡಬೇಕಾದದ್ದು

ಮೊದಲ ಮೇಪಲ್ ಸ್ನೇರ್ ಕೊಳ್ಳುವವರಿಗೆ 14 ಇಂಚು ಅಗಲ, 5.5 ಅಥವಾ 6.5 ಇಂಚು ಆಳದ್ದನ್ನು ನಾನು ಸೂಚಿಸುತ್ತೇನೆ. ಎರಡರಲ್ಲಿ ಒಂದನ್ನೇ ಹೇಳಬೇಕಾದರೆ 6.5. ಆಳ ಹೆಚ್ಚಿದ್ದಷ್ಟೂ ದನಿಗೆ ಗಾತ್ರ ಬರುತ್ತದೆ ಮತ್ತು ಸಿನಿಮಾ ಹಾಡಿನಿಂದ ರಾಕ್‌ವರೆಗೆ ಎಲ್ಲದಕ್ಕೂ ಅದು ಹೊಂದಿಕೊಳ್ಳುತ್ತದೆ.

ಡ್ರಮ್ ಹಳೆಯದಾಗಿದ್ದರೆ ಮೇಲಿನ ಹೆಡ್ (ಡ್ರಮ್ಮಿನ ಬಾಯಿಗೆ ಬಿಗಿದ ತೆಳು ಹೊದಿಕೆ) ಬಿಚ್ಚಿ ನೋಡಲು ಮಾಲೀಕರ ಒಪ್ಪಿಗೆ ಕೇಳಿ. ಹೆಡ್ ಕೂರುವ ಶೆಲ್‌ನ ತುದಿಗೆ ಬೇರಿಂಗ್ ಎಡ್ಜ್ ಎನ್ನುತ್ತಾರೆ. ಸಾಮಾನ್ಯವಾಗಿ 45 ಡಿಗ್ರಿ ಓರೆಗೆ ಕತ್ತರಿಸಿರುವ ಈ ಅಂಚಿನಲ್ಲಿ ಪದರಗಳೆಲ್ಲ ಬರಿಗಣ್ಣಿಗೇ ಕಾಣುತ್ತವೆ. ಮೇಪಲ್ ಪದರ ತಿಳಿ ಕೆನೆಬಣ್ಣದ್ದು. ನಡುವಿನ ಪದರಗಳು ಹಸಿರು ಮಿಶ್ರಿತವಾಗಿಯೋ ಬೂದುಬಣ್ಣವಾಗಿಯೋ ಕಂಡರೆ ಅದು ಬೇರೆ ಮರ ಇರಬಹುದೆಂದು ಕೇಳಿ ತಿಳಿದುಕೊಳ್ಳಿ. ಅಂಚಿನ ಮೇಲೆ ಬೆರಳನ್ನು ನಿಧಾನವಾಗಿ ಒಂದು ಸುತ್ತು ಆಡಿಸಿದರೆ ಚಕ್ಕೆ ಎದ್ದ ಜಾಗ ಅಥವಾ ತಗ್ಗು ತಾನಾಗಿ ಗೊತ್ತಾಗುತ್ತದೆ.

ಅಂಚು ಸಮವಾಗಿದೆಯೇ ಎಂದು ತಿಳಿಯಲು ನಮ್ಮ ಅಡುಗೆಮನೆಗಳ ಗ್ರಾನೈಟ್ ಕಟ್ಟೆಗಿಂತ ಒಳ್ಳೆಯ ಸಾಧನ ಬೇಡ. ಹೆಡ್ ಬಿಚ್ಚಿದ ಶೆಲ್ಲನ್ನು ಕಟ್ಟೆಯ ಮೇಲೆ ಬೋರಲು ಇಟ್ಟು, ಕೋಣೆ ಕತ್ತಲು ಮಾಡಿ, ಶೆಲ್‌ನ ಒಳಗೆ ಮೊಬೈಲ್ ಟಾರ್ಚ್ ಹಿಡಿದು, ಕಣ್ಣನ್ನು ಕಟ್ಟೆಯ ಮಟ್ಟಕ್ಕೆ ತಂದು ಸುತ್ತಲೂ ನೋಡಿ. ಮೇಲಿನ ಅಂಚಿನ ಕೆಳಗಿಂದ ಎಲ್ಲಿಯೂ ಬೆಳಕು ಸೋರಬಾರದು. ಕೆಳಗಿನ ಅಂಚಿನಲ್ಲಿ ಎದುರುಬದುರಾಗಿ ಎರಡು ಕಡೆ ಬೆಳಕು ಕಂಡರೆ ಹೆದರಬೇಡಿ. ಅದು ತಂತಿಗಳು ಹೆಡ್ಡಿಗೆ ಒರಗಿ ಕೂರಲೆಂದು ಬೇಕೆಂದೇ ತೋಡಿದ ತಗ್ಗು, ಅದರ ಹೆಸರು ಸ್ನೇರ್ ಬೆಡ್. ಬಳಿಕ ಟೇಪಿನಿಂದ ಶೆಲ್‌ನ ಅಡ್ಡಳತೆಯನ್ನು ಮೂರು ನಾಲ್ಕು ದಿಕ್ಕಿನಲ್ಲಿ ಅಳೆಯಿರಿ. ಅಳತೆಗಳ ನಡುವೆ ಮೂರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಶೆಲ್ ದುಂಡು ಕಳೆದುಕೊಂಡಿದೆ; ಅಂಥ ಡ್ರಮ್ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಕೊನೆಗೆ ತಂತಿಗಳನ್ನು ಏರಿಸಿ ಇಳಿಸುವ ಸ್ಟ್ರೇನರ್‌ನ ಲಿವರನ್ನು ಹತ್ತು ಬಾರಿ ಆಡಿಸಿ ನೋಡಿ. ಪ್ರಯಾಣದಲ್ಲಿ ಮೊದಲು ಪೆಟ್ಟು ತಿನ್ನುವುದು ಶೆಲ್‌ನಿಂದ ಹೊರಚಾಚಿರುವ ಈ ಭಾಗವೇ.

ಶ್ರುತಿ ಮಾಡುವುದು

1957ರಲ್ಲಿ ರೆಮೋ ಕಂಪನಿ ಆರಂಭವಾಗಿ ಪ್ಲಾಸ್ಟಿಕ್ ಹೆಡ್‌ಗಳು ಬಳಕೆಗೆ ಬರುವವರೆಗೆ ಸ್ನೇರ್‌ಗೂ ಕರುವಿನ ಚರ್ಮವನ್ನೇ ಬಿಗಿಯುತ್ತಿದ್ದರು. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವವರಿಗೆ ತೇವ ಮತ್ತು ಚರ್ಮದ ಸಂಬಂಧವನ್ನು ವಿವರಿಸಬೇಕಾಗಿಲ್ಲ. ಪ್ಲಾಸ್ಟಿಕ್ ಹೆಡ್ ಆ ಕಷ್ಟವನ್ನು ಕಳೆಯಿತು. ಇಂದು ಮೇಲ್ಬದಿಗೆ ಸುಮಾರು 0.25 ಮಿ.ಮೀ. ದಪ್ಪದ, ಬಿಳಿಯ ಲೇಪವಿರುವ ಒಂದೇ ಪದರದ ಹೆಡ್ಡನ್ನೂ ಕೆಳಬದಿಗೆ 0.08 ಮಿ.ಮೀ. ಆಸುಪಾಸಿನ ತೀರ ತೆಳು ಹೆಡ್ಡನ್ನೂ ಹಾಕುವುದು ವಾಡಿಕೆ.

ಮೊದಲು ಕೆಳಗಿನ ಹೆಡ್ಡಿನಿಂದ ಆರಂಭಿಸಿ. ತಂತಿಗಳನ್ನು ಬಿಚ್ಚಿಟ್ಟು, ಹೆಡ್ ಮತ್ತು ಅದನ್ನು ಒತ್ತಿ ಹಿಡಿಯುವ ಬಳೆಯಾದ ರಿಮ್ ಕೂರಿಸಿ, ರಿಮ್ಮನ್ನು ಬಿಗಿಯುವ ಉದ್ದನೆಯ ತಿರುಪುಗಳಾದ ಹತ್ತು ರಾಡ್‌ಗಳನ್ನೂ ಬೆರಳಿನಿಂದಲೇ ಸಮವಾಗಿ ಬಿಗಿ ಮಾಡಿ. ನಂತರ ರಾಡ್ ತಿರುಗಿಸುವ ಕೀ ಹಿಡಿದು ಒಂದನೆಯ ರಾಡ್‌ಗೆ ಅರ್ಧ ಸುತ್ತು, ಅದರ ನೇರ ಎದುರಿನ ಆರನೆಯದಕ್ಕೆ ಅರ್ಧ ಸುತ್ತು, ಹೀಗೆ ಎದುರುಬದುರಾಗಿ ಸಾಗಿ. ಪಕ್ಕಪಕ್ಕದವನ್ನು ಸಾಲಾಗಿ ಬಿಗಿದರೆ ಹೆಡ್ ಒಂದು ಕಡೆಗೆ ವಾಲಿ ಕೂರುತ್ತದೆ. ಸುಕ್ಕು ಹೋದ ಮೇಲೆ ಕಾಲು ಸುತ್ತು ಮಾತ್ರ. ಪ್ರತಿ ರಾಡ್‌ನಿಂದ ಒಂದು ಇಂಚು ಒಳಗೆ ಸ್ಟಿಕ್‌ನ ತುದಿಯಿಂದ ಮೆಲ್ಲಗೆ ತಟ್ಟಿ ಸ್ವರ ಕೇಳಿ. ತಗ್ಗಿದ್ದರೆ ಏರಿಸಿ, ಹೆಚ್ಚಿದ್ದರೆ ಇಳಿಸಿ. ಮೃದಂಗದ ಬಲಬದಿಯನ್ನು ಸುತ್ತಲೂ ಒಂದೇ ಶ್ರುತಿಗೆ ತರುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಇದು ಹೊಸದೆನಿಸದು. ಕೆಳಗಿನ ಹೆಡ್ ಮೇಲಿನದಕ್ಕಿಂತ ಎತ್ತರದ ಸ್ವರದಲ್ಲಿರಲಿ. ತಂತಿಗಳನ್ನು ಕಟ್ಟಿದ ಮೇಲೆ ಮೆಲ್ಲನೆಯ ಪೆಟ್ಟಿಗೂ ಅವು ಸದ್ದು ಕೊಡುವಷ್ಟು ಮಾತ್ರ ಬಿಗಿಯಿರಿ. ಹೆಚ್ಚು ಬಿಗಿದರೆ ಮೇಪಲ್‌ನ ನಾದವೆಲ್ಲ ಉಸಿರುಕಟ್ಟಿದಂತಾಗಿ ಬರೀ ಟಪ್ ಎಂಬ ಸದ್ದು ಉಳಿಯುತ್ತದೆ, ಮತ್ತು ಹೊಸಬರು ಮಾಡುವ ತಪ್ಪುಗಳಲ್ಲಿ ನಾನು ಅತಿ ಹೆಚ್ಚು ಕೇಳಿರುವುದು ಇದನ್ನೇ.

ವಾಹನವನ್ನು ಅಳೆಯುವುದು

ಕಾರು ಕೊಳ್ಳಲು ಹೊರಟ ಡ್ರಮ್ಮರ್‌ಗಳು ಡಿಕ್ಕಿಯ ಲೀಟರ್ ಲೆಕ್ಕವನ್ನು ಓದುತ್ತಾರೆ. ಆ ಲೆಕ್ಕ ನಮಗೆ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಡ್ರಮ್ ದ್ರವದಂತೆ ಮೂಲೆಗಳಿಗೆ ಹರಿಯುವುದಿಲ್ಲ. 22 ಇಂಚಿನ ಬೇಸ್ ಡ್ರಮ್ ಎಂದರೆ 56 ಸೆಂ.ಮೀ., ಚೀಲ ಸೇರಿದರೆ 60ರ ಹತ್ತಿರ. ಆದ್ದರಿಂದ ಅಳೆಯಬೇಕಾದದ್ದು ಹಿಂಬಾಗಿಲಿನ ತೆರಪಿನ ಅತಿ ಕಿರಿದಾದ ಎತ್ತರ ಮತ್ತು ಅಗಲ, ಹಿಂದಿನ ಸೀಟು ಮಡಚಿದಾಗ ನೆಲ ಸಮತಟ್ಟಾಗುತ್ತದೆಯೇ ಎಂಬುದು, ಮತ್ತು ಭಾರವನ್ನು ಎಷ್ಟು ಎತ್ತರಕ್ಕೆ ಎತ್ತಿ ಒಳಗಿಡಬೇಕು ಎಂಬುದು. ಶೋರೂಮಿಗೆ ಹೋಗುವಾಗ ಟೇಪ್ ಜೊತೆಗಿರಲಿ. ಸಾಧ್ಯವಾದರೆ ಬೇಸ್ ಡ್ರಮ್ಮಿನ ಖಾಲಿ ಚೀಲವನ್ನೇ ಒಯ್ದು ಇಟ್ಟು ನೋಡಿ.

ಅಮೆರಿಕದ ಸಂಗೀತಗಾರರು ಫೋರ್ಡ್ ಇಕಾನೊಲೈನ್ ವ್ಯಾನ್‌ಗಳನ್ನೂ, 2003ರಿಂದ 2011ರವರೆಗೆ ಅಲ್ಲಿ ಮಾರಾಟವಾದ ಹೋಂಡಾ ಎಲಿಮೆಂಟನ್ನೂ ಮೆಚ್ಚಿಕೊಂಡದ್ದು ಇದೇ ಕಾರಣಕ್ಕೆ: ಚೌಕಾಕಾರದ ಒಳಾಂಗಣ, ಅಗಲವಾದ ಬಾಗಿಲು. ನಮ್ಮಲ್ಲಿ ಆ ಗುಣಗಳು ಒಟ್ಟಾಗಿ ಸಿಕ್ಕಿದ್ದು ಮಾರುತಿ ಓಮ್ನಿಯಲ್ಲಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಈ ಗಾಡಿಯ ಜಾರುಬಾಗಿಲು ಇಕ್ಕಟ್ಟಾದ ಓಣಿಯಲ್ಲಿಯೂ ಪೂರ್ತಿ ತೆರೆಯುತ್ತಿತ್ತು. ಈಗ ಅದರ ಸ್ಥಾನದಲ್ಲಿ ಈಕೋ ಇದೆ. ಈ ಎರಡೂ ಗಾಡಿಗಳಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ ಎಂಬುದನ್ನು ಮಾತ್ರ ಮರೆಯಬಾರದು. ಆ ಸೀಟುಗಳ ಹಿಂದಿನ ನೆಲ ದೂರದ ಪ್ರಯಾಣದಲ್ಲಿ ಬಿಸಿಯಾಗುವುದರಿಂದ ಮರದ ಸ್ನೇರನ್ನು ಅಲ್ಲಿ ಇಡಬೇಡಿ. ಸಣ್ಣ ಕಾರುಗಳಲ್ಲಿ ಎತ್ತರದ ಮೈಕಟ್ಟಿನ ವ್ಯಾಗನ್‌ಆರ್ ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಕಾರು ನೋಡುವವರಿಗೆ ಹೋಂಡಾ ಜಾಝ್ ನನ್ನ ಮೊದಲ ಸಲಹೆ: ಅದರಲ್ಲಿ ಇಂಧನ ಟ್ಯಾಂಕ್ ಮುಂದಿನ ಸೀಟಿನ ಅಡಿಗಿರುವುದರಿಂದ ಹಿಂದಿನ ನೆಲ ತಗ್ಗಾಗಿದೆ, ಮತ್ತು ಸೀಟಿನ ಹಿಂಭಾಗವನ್ನು ಮಡಚಿಯೋ ಕೂರುವ ಭಾಗವನ್ನು ಮೇಲಕ್ಕೆತ್ತಿಯೋ ಜಾಗ ಮಾಡಿಕೊಳ್ಳುವ ಏರ್ಪಾಡು ಇರುವ ಮಾದರಿಗಳಲ್ಲಿ ಎತ್ತರದ ವಸ್ತುಗಳನ್ನು ನಿಲ್ಲಿಸಿಯೇ ಒಯ್ಯಬಹುದು.

ತುಂಬುವ ಕ್ರಮ

ಸ್ಟ್ಯಾಂಡ್‌ಗಳ ಚೀಲ ಎಲ್ಲಕ್ಕಿಂತ ಭಾರ. 20 ಕಿಲೋ ದಾಟುವುದು ಸಾಮಾನ್ಯ. ಅದು ಮೊದಲು ಹೋಗಬೇಕು, ನೆಲಕ್ಕೆ ತಾಗಿ, ಮುಂದಿನ ಸೀಟಿನ ಬೆನ್ನಿಗೆ ಅಡ್ಡಲಾಗಿ ಒರಗಿ ಮಲಗಬೇಕು. ಇದು ಜಾಗದ ಲೆಕ್ಕವಲ್ಲ, ಜೀವದ ಲೆಕ್ಕ. ಗಂಟೆಗೆ 50 ಕಿ.ಮೀ. ವೇಗದ ಕಾರು ಅಪಘಾತದಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ನಿಂತುಬಿಟ್ಟರೆ, ಒಳಗಿನ ವಸ್ತು ತನ್ನ ತೂಕದ ಸುಮಾರು 14 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 20 ಕಿಲೋದ ಚೀಲ ಆ ಕ್ಷಣದಲ್ಲಿ 280 ಕಿಲೋದಂತೆ ಒತ್ತುತ್ತದೆ. ಸೀಟಿನ ಬೆನ್ನಿಗಿಂತ ಎತ್ತರದಲ್ಲಿ ಯಾವ ಭಾರವನ್ನೂ ಇಡಬಾರದು, ಇಟ್ಟದ್ದನ್ನು ಪಟ್ಟಿಯಿಂದ ಕಟ್ಟದೆ ಹೊರಡಬಾರದು.

ಬೇಸ್ ಡ್ರಮ್ ಉರುಳದಂತೆ ಎರಡೂ ಕಡೆ ಟಾಮ್‌ಗಳನ್ನು ಒತ್ತಾಗಿ ಇಡಿ. ಜಾಗ ತೀರ ಸಾಲದಿದ್ದರೆ, ಹಬ್ಬದ ಪಾತ್ರೆಗಳನ್ನು ಒಂದರೊಳಗೊಂದು ಸೇರಿಸಿ ಅಟ್ಟಕ್ಕೇರಿಸುವಂತೆ, ಒಂದು ಬದಿಯ ಹೆಡ್ ಬಿಚ್ಚಿ 16 ಇಂಚಿನ ಫ್ಲೋರ್ ಟಾಮನ್ನು ಬೇಸ್ ಡ್ರಮ್ಮಿನ ಒಳಗೆ ಕೂರಿಸಬಹುದು. ನಡುವೆ ಹಳೆಯ ಬೆಡ್‌ಶೀಟ್ ಸುತ್ತಬೇಕು.

ಸ್ನೇರ್ ಕೊನೆಗೆ ಒಳಗೆ ಹೋಗಿ ಮೊದಲು ಹೊರಗೆ ಬರಲಿ. ಡಿಕ್ಕಿಗಿಂತ ಚಾಲಕನ ಪಕ್ಕದ ಸೀಟಿನ ಹಿಂದಿನ ನೆಲ ಅದಕ್ಕೆ ಸರಿಯಾದ ಜಾಗ, ಎಂಜಿನ್ ಮುಂದಿರುವ ಕಾರುಗಳಲ್ಲಿ. ಅಲ್ಲಿ ಅದರ ಮೇಲೆ ಬೇರೇನೂ ಬೀಳುವುದಿಲ್ಲ. ಒಮ್ಮೆ ಶಿರಾಡಿ ಘಾಟಿ ಇಳಿಯುವಾಗ ಸ್ಟ್ಯಾಂಡ್‌ಗಳ ಚೀಲ ಜರುಗಿ ನನ್ನ ಸ್ನೇರ್‌ನ ಸ್ಟ್ರೇನರ್ ಮೇಲೆ ಕೂತು, ಲಿವರ್ ಬಾಗಿ, ಆ ರಾತ್ರಿ ತಂತಿಗಳನ್ನು ಒಂದೇ ಬಿಗಿಯಲ್ಲಿ ಬಿಟ್ಟು ಎರಡು ಗಂಟೆ ನುಡಿಸಬೇಕಾಯಿತು. ಸ್ನೇರ್ ಚೀಲವನ್ನು ಇಡುವಾಗ ಸ್ಟ್ರೇನರ್ ಇರುವ ಬದಿ ಬಾಗಿಲಿನ ಕಡೆಗಲ್ಲದೆ ಸೀಟಿನ ಮೆತ್ತೆಯ ಕಡೆಗೆ ತಿರುಗಿರಲಿ. ತಂತಿಗಳು ಸಡಿಲವಾಗಿ ಜೋತಾಡಿ ಚೀಲದ ಬಟ್ಟೆಗೆ ಸಿಕ್ಕಿಕೊಳ್ಳದಂತೆ ಲಿವರನ್ನು ಏರಿಸಿಯೇ ಚೀಲಕ್ಕೆ ಹಾಕಿ.

ಸ್ಕೂಟರಿನಲ್ಲಿ ಹೋಗುವವರು ಸ್ನೇರನ್ನು ಬೆನ್ನಿಗೆ ಹಾಕುವ ಮೆತ್ತೆಯ ಚೀಲದಲ್ಲಿ ಒಯ್ಯಲಿ. ಮಳೆಗಾಲದಲ್ಲಿ ಚೀಲದ ಒಳಗೂ ಒಂದು ಪ್ಲಾಸ್ಟಿಕ್ ಹೊದಿಕೆ ಬೇಕು.

ಬಿಸಿಲು ಮತ್ತು ತೇವ

ಹೊರಗೆ 35 ಡಿಗ್ರಿ ಬಿಸಿಲಿದ್ದಾಗ ಮುಚ್ಚಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಶಾಖ 50 ಡಿಗ್ರಿ ದಾಟಬಲ್ಲದು. ಕಲಬುರಗಿಯ ಏಪ್ರಿಲ್ ಇದಕ್ಕಿಂತ ಕಠಿಣ. ಆ ಶಾಖದಲ್ಲಿ ಪ್ಲಾಸ್ಟಿಕ್ ಹೆಡ್ ಹಿಗ್ಗಿ ಶ್ರುತಿ ಇಳಿಯುತ್ತದೆ, ಹೊರಹೊದಿಕೆಯ ಅಂಟು ಮೆತ್ತಗಾಗುತ್ತದೆ, ಪದೇಪದೇ ಹೀಗಾದರೆ ಶೆಲ್ ಒಣಗಿ ಅಂಚಿನಲ್ಲಿ ಸೀಳು ಕಾಣಿಸಿಕೊಳ್ಳಬಹುದು. ಊಟಕ್ಕೆ ನಿಲ್ಲಿಸಿದಾಗ ಸ್ನೇರನ್ನು ಕೈಯಲ್ಲಿ ಹಿಡಿದೇ ಹೋಟೆಲಿಗೆ ನಡೆಯಿರಿ, ಸಂಕೋಚ ಬೇಡ. ಕರಾವಳಿಯ ಮಳೆಗಾಲದ ಕಷ್ಟ ಬೇರೆ ತೆರನಾದದ್ದು. ಏಸಿ ಹಾಕಿದ ಕಾರಿನಿಂದ ತಣ್ಣನೆಯ ಡ್ರಮ್ಮನ್ನು ಹೊರತೆಗೆದ ಕೂಡಲೇ ಲೋಹದ ಭಾಗಗಳ ಮೇಲೆ ನೀರಹನಿ ಕೂಡುತ್ತದೆ, ತಂತಿಗಳಿಗೆ ತುಕ್ಕು ಹಿಡಿಯುವುದು ಹೀಗೆ. ತಲುಪುವುದಕ್ಕೆ ಅರ್ಧ ಗಂಟೆ ಮೊದಲೇ ಏಸಿ ನಿಲ್ಲಿಸಿ, ವೇದಿಕೆಗೆ ಬಂದ ಮೇಲೆ ಚೀಲವನ್ನು ಮುಚ್ಚಿಯೇ ಇಪ್ಪತ್ತು ನಿಮಿಷ ಬಿಡಿ, ಬಳಿಕ ತೆರೆದು ಒಣಬಟ್ಟೆಯಿಂದ ಒರೆಸಿ. ಶ್ರುತಿಯನ್ನು ಮುಟ್ಟುವುದು ಅದಾದ ನಂತರವೇ.

ಕೀ ಒಂದನ್ನು ಸ್ನೇರ್ ಚೀಲದ ಹಿಡಿಗೆ ದಾರದಿಂದ ಕಟ್ಟಿಡಿ, ಇನ್ನೊಂದು ಕಾರಿನ ಬೀಗದ ಗೊಂಚಲಿನಲ್ಲಿರಲಿ.