ಟೀಚರ್‌ಗಳು ಉಳಿಯಲಿ ಅಂತ ನಾವು ಮಾಡಿದ್ದು

ಮುಂಬೈನ ಕನ್ನಡ ಮಾಧ್ಯಮ ಶಾಲೆಗೆ ಗಣಿತದ ಟೀಚರ್ ಹುಡುಕೋದು ಸುಲಭದ ಮಾತಲ್ಲ. ಬಿ.ಎಡ್. ಆಗಿರಬೇಕು. ಕನ್ನಡದಲ್ಲಿ ಪಾಠ ಮಾಡಬೇಕು, ಆದರೆ ಪಠ್ಯ ಮಹಾರಾಷ್ಟ್ರ ಬೋರ್ಡಿನದು. ಇಷ್ಟೆಲ್ಲ ಇದ್ದೂ ಈ ಊರಿನ ಬಾಡಿಗೆ ಕಟ್ಟಿ ಬದುಕೋಕೆ ತಯಾರಿರಬೇಕು. ಅಂಥವರು ಸಿಕ್ಕಿ, ವರ್ಷದ ನಡುವೆ ಬಿಟ್ಟು ಹೋದರೆ ಹತ್ತನೇ ಕ್ಲಾಸಿನ ಮಕ್ಕಳ ಗತಿ? ಸೆಂಟ್ರಲ್ ರೈಲ್ವೆ ಲೈನಿನ ಒಂದು ಶಾಲೆಯಲ್ಲಿ ನಾನು ಸೂಪರ್‌ವೈಸರ್. ನನ್ನ ದೊಡ್ಡ ತಲೆನೋವು ಇದೇ.

ಹೋಗುವವರನ್ನು ಕೂರಿಸಿ ಕೇಳುತ್ತಿದ್ದೆ. ಸಂಬಳ ಎಷ್ಟು ಅಂತ ಗೊತ್ತಿದ್ದೇ ಸೇರಿದವರು ಅವರು. ಬೇಸರ ಬೇರೆ ಕಡೆ ಇತ್ತು. "ಮೇಡಂ, ಒಂದೇ ಮಕ್ಕಳ ಹೆಸರು ಎಷ್ಟು ಸಲ ಬರೀಲಿ?" ಅಂತ ಒಬ್ಬರು ಕೇಳಿದರು. ಹಾಜರಿಗೊಂದು, ಘಟಕ ಪರೀಕ್ಷೆಗೊಂದು, ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್‌ಗೊಂದು, ಮಹಾರಾಷ್ಟ್ರ ಸರ್ಕಾರದ ಸರಲ್ ಪೋರ್ಟಲ್‌ಗೊಂದು. ಪೋರ್ಟಲ್‌ಗೆ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಬೇಕು, ನಮ್ಮ ರಿಜಿಸ್ಟರಿನಲ್ಲಿ ಶೆಟ್ಟಿ, ಪೂಜಾರಿ ಎಲ್ಲ ಬೇರೆ ಬೇರೆ ಸ್ಪೆಲಿಂಗಿನಲ್ಲಿ. ಡೊಂಬಿವಲಿ ಲೋಕಲ್ ಟ್ರೈನಿನಲ್ಲಿ ನಿಂತುಕೊಂಡೇ ಮನೆ ಸೇರಿ, ಅಡುಗೆ ಮುಗಿಸಿ ಕೂತರೆ ವಾಟ್ಸಾಪ್‌ನಲ್ಲಿ "ಅರ್ಜೆಂಟ್, ನಾಳೆ ಬೆಳಿಗ್ಗೆ ಬೇಕು".

ಹಾಗಾಗಿ ಪಾಠದ ಕಡೆಯಿಂದ ಅಲ್ಲ, ಈ ಗುಮಾಸ್ತಿಕೆಯ ಕಡೆಯಿಂದ ಶುರು ಮಾಡಿದೆವು. ಒಂದು ಕ್ಲಾಸಿಗೆ ಒಂದೇ ಗೂಗಲ್ ಶೀಟ್. ಮಗುವಿನ ಹೆಸರು ಕನ್ನಡದಲ್ಲಿ ಒಂದು ಕಾಲಂ, ಆಧಾರ್ ಸ್ಪೆಲಿಂಗ್ ಒಂದು ಕಾಲಂ. ಆಮೇಲೆ ಆ ಎರಡೂ ಕಾಲಂ ಲಾಕ್. ಪ್ರತಿ ವಿಷಯದ ಟೀಚರ್ ತಮ್ಮ ಕಾಲಂ ಮಾತ್ರ ತುಂಬುತ್ತಾರೆ, ಮೊತ್ತ ಅದೇ ಹಾಕಿಕೊಳ್ಳುತ್ತದೆ. ಕ್ಲಾಸ್ ಟೀಚರ್ ಎಲ್ಲರ ಹಿಂದೆ ಓಡಾಡಿ ಮಾರ್ಕ್ಸ್ ಬೇಡೋದು ತಪ್ಪಿತು.

ಪ್ರಶ್ನೆಪತ್ರಿಕೆಯ ಕಥೆ ಬೇರೆ. ಹಳೆಯದೆಲ್ಲ 'ನುಡಿ', 'ಬರಹ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆ ಫಾಂಟಿನಲ್ಲಿ ಟೈಪ್ ಆಗಿತ್ತು. ಗೂಗಲ್ ಡಾಕ್ಸ್‌ಗೆ ತಂದು ಹಾಕಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಸ. ಎಲ್ಲ ಕಡೆ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಒಂದೊಂದೇ ನೋಡಿ ತಿದ್ದುವುದರಲ್ಲಿ ಒಂದು ದೀಪಾವಳಿ ರಜೆ ಕಳೆಯಿತು. ಆದರೆ ಅದಾದ ಮೇಲೆ ಹೊಸದಾಗಿ ಬಂದ ಟೀಚರ್‌ಗೆ ಮೊದಲ ದಿನವೇ ಕೈಯಲ್ಲಿ ಪ್ರಶ್ನೆಗಳ ಭಂಡಾರ. ಹೊಸಬರು ನಿಲ್ಲಬೇಕಾದರೆ ಇದು ತುಂಬಾ ಮುಖ್ಯ.

ಮಕ್ಕಳ ಕಡೆ ಬಂದದ್ದು ಆಮೇಲೆ. ಮನೆಗೊಂದೇ ಫೋನ್, ಅದು ಅಪ್ಪನ ಜೇಬಿನಲ್ಲಿ. ಹೋಟೆಲ್ ಕೆಲಸ ಮುಗಿಸಿ ಅವರು ಬರೋದು ರಾತ್ರಿ. ಅದಕ್ಕೇ ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಹೋಂವರ್ಕ್‌ನ ಕೊನೆಯ ಗಡುವು ಸಂಜೆ ಇಡಲಿಲ್ಲ, ಮರುದಿನ ಬೆಳಿಗ್ಗೆ ಇಟ್ಟೆವು.

ನಮ್ಮ ಭೂಗೋಳದ ಟೀಚರ್ ಒಬ್ಬರು, ಇನ್ನೂ ಚಿಕ್ಕ ವಯಸ್ಸು, ಒಂದು ಒಳ್ಳೆ ಪಾಠ ಕಟ್ಟಿದರು. ಮುಂಬೈಗೆ ನೀರು ಬರೋದು ಏಳು ಕೆರೆಗಳಿಂದ. ಅದರಲ್ಲಿ ವಿಹಾರ್, ತುಳಸಿ ಮಾತ್ರ ಊರೊಳಗೆ. ಭಾತಸಾ, ತಾನಸಾ, ಮೋಡಕ್ ಸಾಗರ, ಎರಡು ವೈತರಣಾ ಎಲ್ಲ ದೂರ. ಇದನ್ನು ಬಾಯಿಪಾಠ ಮಾಡಿಸೋ ಬದಲು ಒಂದು ಶೀಟ್ ತೆರೆದು, ಪ್ರತಿ ಮಗುವಿಗೆ ಒಂದು ಸಾಲು ಕೊಟ್ಟರು: ನಿಮ್ಮ ಚಾಳಿನ (ವಠಾರದ) ನಲ್ಲಿಗೆ ನೀರು ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಹೊತ್ತು, ಎಷ್ಟು ಕೊಡ ತುಂಬುತ್ತದೆ, ತುಂಬೋರು ಯಾರು. ಮೊದಲ ದಿನ ಯಾರೋ ಎಲ್ಲ ಸೆಲೆಕ್ಟ್ ಮಾಡಿ ಅಳಿಸಿಬಿಟ್ಟರು. ಲ್ಯಾಬ್ ತುಂಬಾ ಗಲಾಟೆ, "ಅವನೇ ಟೀಚರ್, ಅವನೇ". ಟೀಚರ್ ವರ್ಷನ್ ಹಿಸ್ಟರಿ, ಅಂದರೆ ಯಾರು ಯಾವಾಗ ಏನು ತಿದ್ದಿದರು ಅನ್ನೋ ದಾಖಲೆ, ತೆರೆದು ಹಿಂದಿನ ಪ್ರತಿ ವಾಪಸ್ ತಂದರು. ಯಾರು ಅಳಿಸಿದ್ದು ಅಂತ ಪರದೆಯಲ್ಲಿ ಹೆಸರು ಕಾಣುತ್ತಿತ್ತು, ಓದಿ ಹೇಳಲಿಲ್ಲ. "ತುಂಬೋರು ಯಾರು" ಕಾಲಂನಲ್ಲಿ ಬಹುಪಾಲು "ಅಮ್ಮ", "ಅಕ್ಕ", "ನಾನು". ಆ "ನಾನು" ಬರೆದವರೆಲ್ಲ ಹುಡುಗಿಯರು. ಅಲ್ಲಿಂದ ಚರ್ಚೆ ಎಲ್ಲಿಗೋ ಹೋಯಿತು, ಗಣಿತದ ಸರ್ ಅದೇ ಶೀಟಿನಲ್ಲಿ ಸರಾಸರಿ ಕಲಿಸಿದರು.

ಈ ಟೀಚರ್‌ಗೆ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಿಂದ ಕರೆ ಬಂತು. ನಾನು ಏನು ಬೇಕು ಅಂತ ನೇರ ಕೇಳಿದೆ. ವಾರದಲ್ಲಿ ಎರಡು ಪೀರಿಯಡ್ ಖಾಲಿ ಕೊಡಿ, ಬದಲಿ ಕ್ಲಾಸಿಗೆ ಕಳಿಸಬೇಡಿ, ಪಾಠ ತಯಾರಿ ಮಾಡಬೇಕು ಅಂದರು. ಕೊಟ್ಟೆ. ಅವರ ಪಾಠದ ಫೋಲ್ಡರ್‌ಗೆ ಅವರ ಹೆಸರನ್ನೇ ಇಟ್ಟು, ಉಳಿದವರಿಗೆ ಕಲಿಸುವ ಕೆಲಸವನ್ನೂ ಅವರಿಗೇ ಕೊಟ್ಟೆ. ಉಳಿದರು.

ತೊಂದರೆ ಬಂದದ್ದು ಎಣಿಸದ ಕಡೆಯಿಂದ. ಶಾಲೆ ನಡೆಸುವ ಕಮಿಟಿಯ ಹಿರಿಯರೊಬ್ಬರು ಅದೇ ವರ್ಷನ್ ಹಿಸ್ಟರಿ ನೋಡಲು ಶುರು ಮಾಡಿದರು. ಮೀಟಿಂಗಿನಲ್ಲಿ "ಇವರು ರಾತ್ರಿ 11 ಗಂಟೆಗೂ ಕೆಲಸ ಮಾಡಿದ್ದಾರೆ, ಶಭಾಷ್" ಅಂದರು. ಹೊಗಳಿಕೆಯೇ, ಆದರೆ ಉಳಿದವರ ಮುಖ ನೋಡಬೇಕಿತ್ತು. ನಾಳೆಯಿಂದ ಎಲ್ಲರೂ ರಾತ್ರಿ ಫೈಲ್ ತೆರೆದು ಸುಮ್ನೆ ಒಂದು ಸಾಲು ತಿದ್ದುತ್ತಾರೆ, ಅಲ್ವಾ? ಎಡಿಟ್ ಅನುಮತಿ ಇದ್ದವರಿಗೆ ಮಾತ್ರ ಹಿಸ್ಟರಿ ಕಾಣುತ್ತದೆ. ಹಾಗಾಗಿ ಕಮಿಟಿಯವರಿಗೆ ನೋಡುವ ಅನುಮತಿ ಮಾತ್ರ ಉಳಿಸಿದೆ. ಸ್ವಲ್ಪ ಮಾತು ಕೇಳಬೇಕಾಯಿತು, ಕೇಳಿದೆ.

ಜೊತೆಗೆ ಇನ್ನೊಂದು ಕಟ್ಟುಪಾಡು. ಸಂಜೆ 7ರ ಮೇಲೆ ಗ್ರೂಪಿನಲ್ಲಿ ಮೆಸೇಜ್ ಇಲ್ಲ. ಹಳಿ ಮೇಲೆ ನೀರು ನಿಂತು ನಾಳೆ ರಜೆ ಅನ್ನೋದಿದ್ದರೆ ಮಾತ್ರ ಬೇರೆ ಮಾತು. ನನಗೆ ರಾತ್ರಿಯೇ ಎಲ್ಲ ನೆನಪಾಗೋದು, ಅದಕ್ಕೆ ಜಿಮೇಲ್‌ನಲ್ಲಿ ಬರೆದು ಬೆಳಿಗ್ಗೆ 8ಕ್ಕೆ ಹೋಗುವಂತೆ ಇಡುತ್ತೇನೆ.

ಹೊಸ ಹೊಸ ಆ್ಯಪ್ ತರೋದರ ಮೇಲೆ ನನಗೆ ನಂಬಿಕೆ ಕಮ್ಮಿ. ಪರದೆಯ ಮೇಲೇ ಬರೆಯುವ ಬೋರ್ಡ್ ಆಗಿದ್ದ ಗೂಗಲ್ ಜಾಮ್‌ಬೋರ್ಡ್ 2024ರ ಕೊನೆಗೆ ಮುಚ್ಚಿತು. ಅದರಲ್ಲಿ ಚಿತ್ರ ಬರೆದು ಪಾಠ ಮಾಡಿಟ್ಟವರು ಎಲ್ಲವನ್ನೂ ಪಿಡಿಎಫ್ ಮಾಡಿ ಸ್ಲೈಡ್ಸ್‌ಗೆ ಸಾಗಿಸಬೇಕಾಯಿತು. ಈಗ ಡಾಕ್ಸ್, ಶೀಟ್ಸ್, ಸ್ಲೈಡ್ಸ್ ಇಷ್ಟೇ. ಕಮಿಟಿಯವರು ದೊಡ್ಡ ಸ್ಮಾರ್ಟ್ ಬೋರ್ಡ್ ತರ್ತೀವಿ ಅಂದಾಗ, ಆ ದುಡ್ಡಿನಲ್ಲಿ ಟೀಚರ್‌ಗಳ ಡೇಟಾ ರೀಚಾರ್ಜ್ ಮತ್ತು ಟ್ರೈನ್ ಪಾಸ್ ಮಾಡಿಸಿ ಅಂದೆ. ರೀಚಾರ್ಜ್ ಒಪ್ಪಿದರು.

ಇಷ್ಟಾದರೂ ಕೆಲವರು ಹೋಗುತ್ತಾರೆ. ತಮ್ಮ ಊರಲ್ಲಿ ಸರ್ಕಾರಿ ಕೆಲಸ ಸಿಕ್ಕಿದರೆ ಯಾರು ತಡೀತಾರೆ? ಆದರೆ ಹೋಗುವವರಲ್ಲಿ ಹೆಚ್ಚಿನವರು ವರ್ಷ ಮುಗಿಸಿಯೇ ಹೋಗುತ್ತಿದ್ದಾರೆ, ಫೋಲ್ಡರ್ ಇಲ್ಲೇ ಉಳಿಯುತ್ತದೆ. ಸಂಬಳದ್ದು ಮಾತ್ರ ಯಾವ ಶೀಟಿನಿಂದಲೂ ಬಗೆಹರಿಯೋದಲ್ಲ. ಟ್ರೈನ್ ಪಾಸಿನ ಜೊತೆ ಅದನ್ನೂ ಮುಂದಿನ ಮೀಟಿಂಗಿಗೆ ಬರೆದು ಕೊಟ್ಟಿದ್ದೇನೆ.